ಹ್ಯಾಂಡ್ ಬ್ರೇಕ್ ಹಿಡಿಯುತ್ತಿಲ್ಲವೇ? ನಟ್ ಬಿಗಿಯುವ ಮೊದಲು ಡ್ರಮ್ ಬಿಚ್ಚಿ

ನಮ್ಮ ಮನೆ ಇರುವುದು ಏರಿನ ಮೇಲೆ. ರಸ್ತೆಯಿಂದ ಅಂಗಳಕ್ಕೆ ಹತ್ತುವ ದಾರಿ ಎಷ್ಟು ಕಡಿದಾಗಿದೆಯೆಂದರೆ, ಮಳೆಗಾಲದಲ್ಲಿ ಬೈಕಿನವರು ಕೆಳಗೇ ಗಾಡಿ ನಿಲ್ಲಿಸಿ ನಡೆದು ಬರುತ್ತಾರೆ. ಅಲ್ಲಿ ನಿಲ್ಲುವ 1998ರ ಮಾರುತಿ 800ಕ್ಕೆ ಬಹಳ ವರ್ಷ ಹ್ಯಾಂಡ್ ಬ್ರೇಕ್ ಎಂದರೆ ಹಿಂದಿನ ಚಕ್ರಕ್ಕೆ ಕೊಡುತ್ತಿದ್ದ ಒಂದು ಚಿರೆಕಲ್ಲು. ಲಿವರ್ ಎಳೆದರೆ ಕಟಕಟ ಎನ್ನುತ್ತಾ ಹನ್ನೆರಡು ಹಲ್ಲು ದಾಟಿ ಮೇಲೆ ಬರುತ್ತಿತ್ತೇ ಹೊರತು ಗಾಡಿ ನಿಲ್ಲುತ್ತಿರಲಿಲ್ಲ. ಪ್ರತಿ ಸರ್ವಿಸಿನಲ್ಲೂ ಗ್ಯಾರೇಜಿನವರು ಲಿವರ್ ಬುಡದ ನಟ್ಟನ್ನು ನಾಲ್ಕು ಸುತ್ತು ಬಿಗಿದು ಕೊಡುವರು. ಎರಡು ತಿಂಗಳು ಚೆನ್ನಾಗಿರುತ್ತಿತ್ತು, ಆಮೇಲೆ ಮತ್ತೆ ಅದೇ ಕತೆ. ಕೊನೆಗೊಂದು ದಿನ ಬಿಗಿಯಲು ಥ್ರೆಡ್ಡೇ ಉಳಿದಿರಲಿಲ್ಲ.

ಪಕ್ಕದೂರಿನ ಹಳೇ ಮೆಕ್ಯಾನಿಕ್ ಒಬ್ಬರು ನೋಡಿ ನಕ್ಕರು. "ಅಣ್ಣ, ಹಗ್ಗ ಎಷ್ಟು ಎಳೆದ್ರೂ ಬಾವಿಯಲ್ಲಿ ನೀರಿಲ್ದೇ ಇದ್ರೆ ಎಂತ ಬರ್ತದೆ? ಡ್ರಮ್ ಬಿಚ್ಚಿ ನೋಡಿ ಮೊದ್ಲು." ಹಿಂದಿನ ಚಕ್ರದ ಜೊತೆ ತಿರುಗುವ ಆ ಬೋಗುಣಿಯಂಥ ಕಬ್ಬಿಣದ ಡ್ರಮ್ಮನ್ನು ಬಿಚ್ಚಿದೆವು. ಕೇಬಲ್ಲಿನದು ಏನೇನೂ ತಪ್ಪಿರಲಿಲ್ಲ. ಒಂದು ಕಡೆ ಲೈನರ್, ಅಂದರೆ ಬ್ರೇಕ್ ಶೂ ಮೇಲಿದ್ದು ಡ್ರಮ್ಮಿಗೆ ಉಜ್ಜುವ ಪದರ, ಸವೆದು ಉಗುರಿನಷ್ಟಾಗಿತ್ತು, ಇನ್ನೊಂದು ಕಡೆ ಅಡ್ಜಸ್ಟರ್ ತುಕ್ಕು ಹಿಡಿದು ಕಲ್ಲಾಗಿತ್ತು.

ಅಲ್ಲಿಂದೀಚೆಗೆ ಈ ಕೆಲಸವನ್ನು ನಾನೇ ಮಾಡಿಕೊಳ್ಳುತ್ತೇನೆ, ನೆಂಟರಿಷ್ಟರ ಮೂರ್ನಾಲ್ಕು ಗಾಡಿಗಳಿಗೂ ಮಾಡಿದ್ದೇನೆ. ಇಲ್ಲಿ ಬರೆಯುತ್ತಿರುವುದು 800, ಆಲ್ಟೊ, ಓಮ್ನಿಯಂಥ ಗಾಡಿಗಳ ಬಗ್ಗೆ. ಹಿಂದಿನ ಚಕ್ರಕ್ಕೆ ಡ್ರಮ್ ಬ್ರೇಕು, ಸೀಟುಗಳ ನಡುವೆ ಲಿವರು, ಎರಡರ ಮಧ್ಯೆ ಉಕ್ಕಿನ ಕೇಬಲ್ಲು. ಬಟನ್ ಒತ್ತಿ ಹಾಕುವ ಎಲೆಕ್ಟ್ರಾನಿಕ್ ಪಾರ್ಕಿಂಗ್ ಬ್ರೇಕಿಗೆ ಇದು ಅನ್ವಯಿಸುವುದಿಲ್ಲ. ಹಳೇ ವಿಲ್ಲೀಸ್ ಮಾದರಿಯ ಜೀಪುಗಳದೂ ಬೇರೆ ಲೆಕ್ಕ. ಅವುಗಳ ಹ್ಯಾಂಡ್ ಬ್ರೇಕ್ ಚಕ್ರದಲ್ಲಿರುವುದಿಲ್ಲ, ಗೇರ್‌ಬಾಕ್ಸಿನ ಹಿಂದೆ ಪ್ರೊಪೆಲ್ಲರ್ ಶಾಫ್ಟಿನ ಮೇಲಿರುತ್ತದೆ. ಲಾರಿ, ಬಸ್ಸಿನ ಏರ್ ಬ್ರೇಕ್ ಚೇಂಬರನ್ನಂತೂ ಮನೆಯಲ್ಲಿ ಬಿಚ್ಚಲೇಬೇಡಿ. ಒಳಗೆ ಅದುಮಿಟ್ಟ ಸ್ಪ್ರಿಂಗು ಹಾರಿದರೆ ಜೀವಕ್ಕೇ ಅಪಾಯ.

ಒಳಗೆ ನಡೆಯುವುದೇನು

ಲಿವರ್ ಎಳೆದಾಗ ಕೇಬಲ್ಲು ಡ್ರಮ್ಮಿನೊಳಗಿನ ಒಂದು ಚಿಕ್ಕ ಲಿವರನ್ನು ಎಳೆಯುತ್ತದೆ. ಡ್ರಮ್ಮಿನೊಳಗೆ ಬಿಲ್ಲಿನಂತೆ ಬಾಗಿದ ಎರಡು ಬ್ರೇಕ್ ಶೂಗಳಿರುತ್ತವೆ, ಆ ಲಿವರನ್ನು ಸಾಮಾನ್ಯವಾಗಿ ಹಿಂದಿನ ಶೂಗೆ ಪಿನ್ ಹಾಕಿ ಕೂರಿಸಿರುತ್ತಾರೆ. ಅದು ನಡುವಿನ ಅಡ್ಡಪಟ್ಟಿಯನ್ನು ಮುಂದಕ್ಕೆ ತಳ್ಳುತ್ತದೆ, ಪಟ್ಟಿ ಮುಂದಿನ ಶೂವನ್ನು ಡ್ರಮ್ಮಿಗೆ ಒತ್ತುತ್ತದೆ, ಆ ಒತ್ತಡ ತಿರುಗಿ ಬಂದು ಹಿಂದಿನ ಶೂವನ್ನೂ ಒತ್ತುತ್ತದೆ. ಇದರಲ್ಲಿ ಬ್ರೇಕ್ ಆಯಿಲ್ಲಿನ ಪಾತ್ರವಿಲ್ಲ. ಆದರೆ ಒತ್ತುವ ಶೂಗಳು ಮಾತ್ರ ಕಾಲಿನ ಬ್ರೇಕಿನವೇ.

ಲೈನರ್ ಸವೆದ ಹಾಗೆ ಶೂಗೂ ಡ್ರಮ್ಮಿಗೂ ನಡುವೆ ಸಂದು ಹೆಚ್ಚುತ್ತದೆ. ಅದನ್ನು ತುಂಬುವುದು ಅಡ್ಡಪಟ್ಟಿಯಲ್ಲಿರುವ ಅಡ್ಜಸ್ಟರಿನ ಕೆಲಸ. ಅದು ಕೆಲಸ ಮಾಡಬೇಕಾದರೆ ಒಳಗಿನ ಚಿಕ್ಕ ಲಿವರ್ ಪೂರ್ತಿ ಹಿಂದಕ್ಕೆ ಬಂದು ತನ್ನ ಜಾಗದಲ್ಲಿ ಕೂತಿರಬೇಕು. ನಾವು ಸಂದು ಹೆಚ್ಚಾಯಿತೆಂದು ಕೇಬಲ್ ನಟ್ಟನ್ನು ಬಿಗಿದಾಗ ಆ ಲಿವರ್ ಸದಾ ಅರ್ಧ ಎಳೆದ ಸ್ಥಿತಿಯಲ್ಲೇ ಉಳಿಯುತ್ತದೆ, ಅಡ್ಜಸ್ಟರಿನ ಕೈ ಕಟ್ಟಿಹೋಗುತ್ತದೆ. ಲೈನರ್ ಇನ್ನಷ್ಟು ಸವೆಯುತ್ತದೆ, ನಾವು ಇನ್ನಷ್ಟು ಬಿಗಿಯುತ್ತೇವೆ. ನಮ್ಮ ಗಾಡಿಯಲ್ಲಿ ಆದದ್ದು ಇದೇ. ಹಾಗಾಗಿ ಮೊದಲು ಶೂ, ಆಮೇಲೆ ಕೇಬಲ್ಲು, ನಟ್ ಕಟ್ಟಕಡೆಗೆ. ಈ ಕ್ರಮ ತಪ್ಪಿದರೆ ಉಳಿದದ್ದೆಲ್ಲ ದಂಡ.

ರೋಗ ಯಾವುದು?

ಗಾಡಿ ಎತ್ತುವ ಮೊದಲೇ ಅರ್ಧ ಗೊತ್ತಾಗುತ್ತದೆ. ಸಮತಟ್ಟು ಜಾಗದಲ್ಲಿ ನಿಲ್ಲಿಸಿ, ಕಾಲು ಬ್ರೇಕಿನ ಮೇಲಿಟ್ಟು, ಲಿವರನ್ನು ನಿಧಾನವಾಗಿ ಎಳೆಯುತ್ತಾ ಹಲ್ಲು ಎಣಿಸಿ. ಈ ಗಾಡಿಗಳಲ್ಲಿ ಸುಮಾರು 4ರಿಂದ 8 ಹಲ್ಲಿನೊಳಗೆ ಬಿಗಿಯಾಗಿ ನಿಲ್ಲಬೇಕು. ನಿಮ್ಮ ಗಾಡಿಯ ಪುಸ್ತಕದಲ್ಲಿ ಬೇರೆ ಲೆಕ್ಕ ಕೊಟ್ಟಿದ್ದರೆ ಅದನ್ನೇ ಹಿಡಿಯಿರಿ.

ಲಿವರ್ ಮೆತ್ತಗೆ ತೀರಾ ಮೇಲೆ ಬಂದರೆ ಶೂ ಸವೆದಿದೆ, ಅಡ್ಜಸ್ಟರ್ ಕೆಟ್ಟಿದೆ ಅಥವಾ ಕೇಬಲ್ ಜಗ್ಗಿದೆ. ಮೂರು ನಾಲ್ಕು ಹಲ್ಲಿಗೇ ಗಟ್ಟಿಯಾಗಿ ನಿಂತರೂ ಗಾಡಿ ಇಳಿಜಾರಿನಲ್ಲಿ ಜಾರುತ್ತಿದ್ದರೆ ಕೇಬಲ್ ಕವಚದೊಳಗೆ ಸಿಕ್ಕಿಕೊಂಡಿದೆ, ಇಲ್ಲವೇ ಲೈನರಿಗೆ ಎಣ್ಣೆ ತಾಗಿದೆ. ಈ ಎರಡನೆಯ ಬಗೆ ಮೋಸದ್ದು. ಕೈಗೆ ಬಿಗಿ ಸಿಗುವುದರಿಂದ ಎಲ್ಲ ಸರಿಯಿದೆ ಎಂದೇ ಅನಿಸುತ್ತದೆ. ಎಳೆದ ಲಿವರ್ ತಾನಾಗಿ ಬಿದ್ದುಬಿಡುತ್ತಿದ್ದರೆ ದೋಷ ಲಿವರಿನ ಹಲ್ಲುಪಟ್ಟಿಯದು. ಅದಕ್ಕೆ ಅರ ಹಾಕಿ ಚೂಪು ಮಾಡುವುದು, ವೆಲ್ಡಿಂಗ್ ಮಾಡಿಸುವುದು ಬೇಡ. ಲಿವರ್ ಸೆಟ್ಟನ್ನೇ ಬದಲಿಸಿ.

ಇನ್ನೊಂದು. ಲಿವರ್ ಪೂರ್ತಿ ಇಳಿಸಿದರೂ ಡ್ಯಾಶ್‌ಬೋರ್ಡಿನ ಕೆಂಪು ದೀಪ ಆರದಿದ್ದರೆ ಹ್ಯಾಂಡ್ ಬ್ರೇಕಿನ ಸ್ವಿಚ್ಚನ್ನು ಬೈಯುವ ಮೊದಲು ಬಾನೆಟ್ ಎತ್ತಿ ಬ್ರೇಕ್ ಆಯಿಲ್ ಡಬ್ಬಿ ನೋಡಿ. ಬಹಳ ಗಾಡಿಗಳಲ್ಲಿ ಆಯಿಲ್ ಇಳಿದರೂ ಅದೇ ದೀಪ ಉರಿಯುತ್ತದೆ. ಬ್ರೇಕಿನ ಲೈನರ್, ಪ್ಯಾಡ್ ಸವೆದು ಆಯಿಲ್ ಇಳಿದಿರಬಹುದು, ಇಲ್ಲವೇ ಎಲ್ಲೋ ಸೋರುತ್ತಿರಬಹುದು.

ಗಾಡಿ ಎತ್ತುವುದು

ಇಡೀ ಕೆಲಸದಲ್ಲಿ ನನಗೆ ಭಯವಿರುವುದು ಇದೊಂದರ ಬಗ್ಗೆ. ಸ್ವಲ್ಪ ಯೋಚಿಸಿ ನೋಡಿ, ನೀವು ರಿಪೇರಿ ಮಾಡಹೊರಟಿರುವುದು ಗಾಡಿ ಉರುಳದಂತೆ ತಡೆಯುವ ಸಾಧನವನ್ನೇ. ಕೆಲಸದ ನಡುವೆ ಅದು ಇರುವುದಿಲ್ಲ.

ಕಾಂಕ್ರೀಟು ಅಥವಾ ಗಟ್ಟಿ ಸಮತಟ್ಟು ನೆಲದಲ್ಲಿ ಮಾತ್ರ ಮಾಡಿ. ಮುಂದಿನ ಎರಡೂ ಟಯರಿಗೆ ಹಿಂದೆ ಮುಂದೆ ಎರಡೂ ಕಡೆಯಿಂದ ಮರದ ತುಂಡು ಒತ್ತಿಡಿ. 800, ಆಲ್ಟೊಗಳಲ್ಲಿ ಎಂಜಿನ್ ಮುಂದಿನ ಚಕ್ರಕ್ಕೆ ಸೇರಿರುವುದರಿಂದ ಹಿಂಭಾಗ ಎತ್ತಿದಾಗಲೂ ಒಂದನೇ ಗೇರಿನಲ್ಲಿ ಬಿಟ್ಟರೆ ಒಂದಿಷ್ಟು ಹಿಡಿತವಿರುತ್ತದೆ. ಓಮ್ನಿ, ಅಂಬಾಸಿಡರ್ ಇರುವವರು ಇಲ್ಲೇ ಎಡವುತ್ತಾರೆ. ಅವುಗಳಲ್ಲಿ ಎಂಜಿನ್ ತಿರುಗಿಸುವುದು ಹಿಂದಿನ ಚಕ್ರಗಳನ್ನು. ಒಂದು ಹಿಂದಿನ ಚಕ್ರ ನೆಲ ಬಿಟ್ಟರೂ ಸಾಕು, ಎರಡು ಹಿಂದಿನ ಚಕ್ರ ಬೇರೆಬೇರೆ ವೇಗದಲ್ಲಿ ತಿರುಗಲು ಬಿಡುವ ಡಿಫರೆನ್ಶಿಯಲ್ಲಿನಿಂದಾಗಿ ಅದು ಗಾಳಿಯಲ್ಲಿ ತಿರುಗಿಕೊಳ್ಳುತ್ತದೆ, ಗೇರಿನ ಹಿಡಿತ ಹೋಯಿತು. ಅಂಥ ಗಾಡಿಗೆ ಮುಂದಿನ ಟಯರಿನ ಮರದ ತುಂಡೇ ದೇವರು.

ಜ್ಯಾಕ್ ಎತ್ತಲಿಕ್ಕೆ ಮಾತ್ರ. ಎತ್ತಿದ ಮೇಲೆ ಎರಡು ಜ್ಯಾಕ್ ಸ್ಟ್ಯಾಂಡ್ ಕೊಟ್ಟು, ಗಾಡಿಯನ್ನು ಅದರ ಮೇಲೆ ಕೂರಿಸಿ, ಕೈಯಿಂದ ಅಲ್ಲಾಡಿಸಿ ನೋಡಿ. ನಮ್ಮ ಕಡೆ ಚಿರೆಕಲ್ಲು, ಹಾಲೋ ಬ್ಲಾಕು ಕೊಡುವ ಅಭ್ಯಾಸವಿದೆ. ಎರಡೂ ಒಂದೇ ಬಿಂದುವಿನ ಮೇಲೆ ಭಾರ ಬಿದ್ದರೆ ಮುನ್ಸೂಚನೆಯಿಲ್ಲದೆ ಪುಡಿಯಾಗುತ್ತವೆ. ಬಿಚ್ಚಿದ ಚಕ್ರವನ್ನು ಗಾಡಿಯ ಕೆಳಗೆ ಮಲಗಿಸಿಡಿ, ಏನಾದರೂ ಜಾರಿದರೆ ಅದರ ಮೇಲೆ ಬೀಳಲಿ. ಚಕ್ರದ ನಟ್ಟುಗಳನ್ನು ಗಾಡಿ ನೆಲದಲ್ಲಿರುವಾಗಲೇ ಅರ್ಧ ಸುತ್ತು ಸಡಿಲಿಸಿಟ್ಟುಕೊಳ್ಳಿ, ಎತ್ತಿದ ಮೇಲೆ ಒದ್ದಾಡುವುದು ತಪ್ಪುತ್ತದೆ.

ಡ್ರಮ್ ಬಿಚ್ಚುವುದು

ಲಿವರನ್ನು ಪೂರ್ತಿ ಇಳಿಸಿ. ಲಿವರ್ ಬುಡದ ಕವರ್ ತೆಗೆದು ಕೇಬಲ್ಲಿನ ನಟ್ಟನ್ನು ಚೆನ್ನಾಗಿ ಸಡಿಲಿಸಿ. ಹೆಚ್ಚಾಗಿ 10 ನಂಬರ್ ಸ್ಪ್ಯಾನರ್ ಸಾಕು. ಕೇಬಲ್ಲಿನ ತುದಿಯ ಥ್ರೆಡ್ ಕಡ್ಡಿ ಜೊತೆಗೆ ತಿರುಗದಂತೆ ಪ್ಲೇಯರಿನಲ್ಲಿ ಹಿಡಿದುಕೊಳ್ಳಿ, ಇಲ್ಲದಿದ್ದರೆ ಕೇಬಲ್ಲು ತಿರುಚಿಕೊಳ್ಳುತ್ತದೆ.

ಡ್ರಮ್ಮುಗಳಲ್ಲಿ ಎರಡು ಜಾತಿ. ಚಕ್ರ ತೆಗೆದ ಕೂಡಲೇ ಎಳೆದರೆ ಬರುವುದು ಒಂದು. ಬೇರಿಂಗ್ ಒಳಗೇ ಇದ್ದು, ನಡುವಿನ ಗ್ರೀಸ್ ಕ್ಯಾಪ್ ತೆಗೆದು ದೊಡ್ಡ ನಟ್ ಬಿಚ್ಚಿದ ಮೇಲೆ ಬರುವುದು ಇನ್ನೊಂದು. ಎರಡನೆಯದಾದರೆ ಆ ನಟ್ಟನ್ನು ಮತ್ತೆ ಹಾಕುವಾಗ ಪುಸ್ತಕದಲ್ಲಿ ಹೇಳಿದಷ್ಟೇ ಬಿಗಿಯಬೇಕು, ಸ್ಪ್ಲಿಟ್ ಪಿನ್ ಇದ್ದರೆ ಹೊಸದನ್ನೇ ಹಾಕಬೇಕು. ಎಷ್ಟು ಬಿಗಿಯಾಯಿತೆಂದು ಅಳೆದು ತೋರಿಸುವ ಟಾರ್ಕ್ ರೆಂಚ್ ಇಲ್ಲದವರು ಇಷ್ಟನ್ನು ಮೆಕ್ಯಾನಿಕ್ ಕೈಯಲ್ಲಿ ಮಾಡಿಸುವುದೇ ಒಳ್ಳೆಯದು. ಬೇರಿಂಗ್ ಕೈಕೊಟ್ಟರೆ ಚಕ್ರವೇ ಕಳಚಿ ಹೋಗಬಹುದು.

ಕರಾವಳಿ, ಮಲೆನಾಡಿನ ಗಾಡಿಗಳಲ್ಲಿ ಡ್ರಮ್ ಸುಲಭಕ್ಕೆ ಬರುವುದಿಲ್ಲ. ಮುಖದ ಮೇಲೆ ಎರಡು ಥ್ರೆಡ್ ತೂತುಗಳಿದ್ದರೆ 8 ಮಿ.ಮೀ. ಬೋಲ್ಟುಗಳನ್ನು ಹಾಕಿ, ಒಂದಕ್ಕೆ ಕಾಲು ಸುತ್ತು, ಇನ್ನೊಂದಕ್ಕೆ ಕಾಲು ಸುತ್ತು ಎಂದು ಬಿಗಿಯುತ್ತಾ ಹೋಗಿ. ಡ್ರಮ್ ತಾನೇ ಹೊರಗೆ ಬರುತ್ತದೆ. ತೂತಿಲ್ಲದಿದ್ದರೆ ಅಂಚಿಗೆ ಮರದ ಕೊಡತಿಯಲ್ಲಿ ಸುತ್ತಲೂ ತಟ್ಟಿ. ಕಬ್ಬಿಣದ ಸುತ್ತಿಗೆಯಿಂದ ಬಾರಿಸಿದರೆ ಎರಕದ ಡ್ರಮ್ಮು ಬಿರುಕು ಬಿಡುತ್ತದೆ. ಅರ್ಧ ಬಂದು ನಿಂತರೆ ಒಳಗೆ ಸವೆದ ಅಂಚಿನ ಏಣು ಶೂವನ್ನು ಹಿಡಿದಿದೆ ಎಂದರ್ಥ. ಹಿಂಭಾಗದ ತಟ್ಟೆಯಲ್ಲಿ ರಬ್ಬರ್ ಬಿರಡೆಯ ತೂತಿದ್ದರೆ ಅಲ್ಲಿಂದ ಸ್ಕ್ರೂ ಡ್ರೈವರ್ ತೂರಿಸಿ ಅಡ್ಜಸ್ಟರ್ ಹಿಂದಕ್ಕೆ ಸರಿಸಿ.

ಡ್ರಮ್ ಬಂದ ಕೂಡಲೇ ಒಳಗಿನ ಕರಿ ಪುಡಿಯನ್ನು ಊದಬೇಡಿ. ಬಾಯಿಂದಲೂ ಬೇಡ, ಪಂಕ್ಚರ್ ಅಂಗಡಿಯ ಗಾಳಿ ಪೈಪಿನಿಂದಲೂ ಬೇಡ. ಹಳೇ ಲೈನರುಗಳಲ್ಲಿ ಕಲ್ನಾರು ಇರಬಹುದು, ಶ್ವಾಸಕೋಶಕ್ಕೆ ಹೋದರೆ ವಿಷ. ಮಾಸ್ಕ್ ಹಾಕಿಕೊಂಡು, ನೀರು ಸಿಂಪಡಿಸಿ, ಒದ್ದೆ ಬಟ್ಟೆಯಲ್ಲಿ ಒರೆಸಿ, ಆ ಬಟ್ಟೆಯನ್ನು ಕವರಿನಲ್ಲಿ ಕಟ್ಟಿ ಎಸೆಯಿರಿ.

ಒಳಗೆ ನೋಡಬೇಕಾದ್ದು

ಮೊದಲು ಮೊಬೈಲಿನಲ್ಲಿ ನಾಲ್ಕೈದು ಫೋಟೋ ತೆಗೆದಿಟ್ಟುಕೊಳ್ಳಿ. ಒಂದು ಕಡೆ ಪೂರ್ತಿ ಮುಗಿಯುವ ತನಕ ಇನ್ನೊಂದು ಕಡೆಯ ಶೂ, ಸ್ಪ್ರಿಂಗು ಬಿಚ್ಚಬೇಡಿ. ಯಾವ ಸ್ಪ್ರಿಂಗ್ ಎಲ್ಲಿಗೆ ಎಂಬ ಗೊಂದಲ ಬಂದೇ ಬರುತ್ತದೆ, ಆಗ ಆ ಕಡೆ ಹೋಗಿ ನೋಡಬಹುದು. ಎಡ ಬಲ ಕನ್ನಡಿಯ ಬಿಂಬದ ಹಾಗೆ ತಿರುವುಮುರುವಾಗಿರುತ್ತದೆ ಎಂಬುದು ನೆನಪಿರಲಿ.

ಲೈನರಿನ ದಪ್ಪ ನೋಡಿ. ಅಂಟಿಸಿದ ಲೈನರ್ 1 ಮಿ.ಮೀ.ಗೆ ಬಂದರೆ ಮುಗಿಯಿತು. ರಿವೆಟ್ ಹೊಡೆದದ್ದಾದರೆ ರಿವೆಟ್ಟಿನ ತಲೆಯ ಮೇಲೆ ಎಷ್ಟು ಉಳಿದಿದೆ ಎಂದು ಅಳೆಯಬೇಕು. ನಾನಂತೂ 2 ಮಿ.ಮೀ. ಆಸುಪಾಸಿಗೆ ಬಂದಾಗಲೇ ಬದಲಿಸುತ್ತೇನೆ, ಇಷ್ಟೆಲ್ಲ ಬಿಚ್ಚಿದ ಮೇಲೆ ಆರು ತಿಂಗಳಿಗೆ ಮತ್ತೆ ಬಿಚ್ಚುವ ಹಣೆಬರಹ ಯಾಕೆ? ಬದಲಿಸುವುದಾದರೆ ಎರಡೂ ಚಕ್ರಕ್ಕೆ ಒಟ್ಟಿಗೇ. ಲೈನರ್ ದಪ್ಪವಿದ್ದು ಮೇಲ್ಮೈ ಮಾತ್ರ ಗಾಜಿನಂತೆ ಮಿನುಗುತ್ತಿದ್ದರೆ ದೊರಗು ಎಮರಿ ಪೇಪರಿನಲ್ಲಿ ಉಜ್ಜಿ ಹೊಳಪು ತೆಗೆದರೆ ಸಾಕು, ಉಜ್ಜುವಾಗಲೂ ಮಾಸ್ಕ್ ಇರಲಿ, ಮೇಲ್ಮೈ ಒದ್ದೆಯಿರಲಿ.

ಲೈನರ್ ಒದ್ದೆಯಾಗಿದ್ದರೆ ಎಲ್ಲಿಂದ ಎಂದು ಹುಡುಕಿ. ಕಾಲಿನ ಬ್ರೇಕ್ ಒತ್ತಿದಾಗ ಆಯಿಲ್ಲಿನ ಒತ್ತಡದಿಂದ ಶೂಗಳನ್ನು ತಳ್ಳುವ ವೀಲ್ ಸಿಲಿಂಡರಿನ ರಬ್ಬರ್ ಟೊಪ್ಪಿ ಮೆತ್ತಗೆ ಎತ್ತಿದಾಗ ಒಳಗೆ ದ್ರವ ತುಂಬಿದ್ದರೆ ಸಿಲಿಂಡರ್ ಸೋರುತ್ತಿದೆ. ಅದನ್ನು ಬದಲಿಸಿ ಬ್ರೇಕ್ ಪೈಪಿನೊಳಗೆ ಸೇರಿದ ಗಾಳಿ ತೆಗೆಸಬೇಕು. ಓಮ್ನಿಯಂಥ ಗಾಡಿಗಳಲ್ಲಿ ಆಕ್ಸಲ್ ಸೀಲ್ ಹೋಗಿ ಗೇರ್ ಆಯಿಲ್ ಬರುವುದೂ ಉಂಟು, ಅದು ಮಂದವಾಗಿರುತ್ತದೆ, ವಾಸನೆ ಬೇರೆ. ಎಣ್ಣೆ ಕುಡಿದ ಲೈನರನ್ನು ಪೆಟ್ರೋಲಿನಲ್ಲಿ ತೊಳೆದು, ಬೆಂಕಿ ಹಚ್ಚಿ ಒಣಗಿಸಿ ಮತ್ತೆ ಹಾಕುವವರನ್ನು ನೋಡಿದ್ದೇನೆ. ಒಂದು ವಾರ ಹಿಡಿಯುತ್ತದೆ, ಆಮೇಲೆ ಒಳಗಿನ ಎಣ್ಣೆ ಬಿಸಿಗೆ ಮತ್ತೆ ಮೇಲೆ ಬರುತ್ತದೆ. ಎಸೆದುಬಿಡಿ.

ಇನ್ನು ಅಡ್ಜಸ್ಟರ್ ಮತ್ತು ಚಿಕ್ಕ ಲಿವರ್. ಲಿವರನ್ನು ಬೆರಳಿನಲ್ಲಿ ಎಳೆದು ಬಿಡಿ, ಸಲೀಸಾಗಿ ಹಿಂದಕ್ಕೆ ಬಂದು ಟಕ್ಕೆಂದು ಕೂರಬೇಕು. ಅಡ್ಜಸ್ಟರಿನ ಹಲ್ಲುಚಕ್ರ ಕೈಯಲ್ಲಿ ತಿರುಗಬೇಕು, ಹಲ್ಲುಪಟ್ಟಿಯ ಮಾದರಿಯಾದರೆ ಒಂದೊಂದೇ ಹಲ್ಲು ಜರುಗಬೇಕು. ಸಿಕ್ಕಿಕೊಂಡಿದ್ದರೆ ಬಿಚ್ಚಿ, ಸೀಮೆಎಣ್ಣೆಯೋ ಡೀಸೆಲ್ಲೋ ಹಾಕಿ ನೆನೆಸಿ, ತಂತಿ ಬ್ರಷ್ಷಿನಲ್ಲಿ ತಿಕ್ಕಿ, ಪೂರ್ತಿ ಒರೆಸಿ, ಬಿಸಿ ತಡೆಯುವ ಗ್ರೀಸನ್ನು ತೆಳ್ಳಗೆ ಸವರಿ. ಹಿಂದಿನ ತಟ್ಟೆಯ ಮೇಲೆ ಶೂ ಉಜ್ಜುವ ಉಬ್ಬುಗಳಿಗೂ ಅದೇ ಗ್ರೀಸು ಒಂದು ಚೂರು. ಹೆಚ್ಚಾದರೆ ಬಿಸಿಗೆ ಕರಗಿ ಲೈನರಿಗೇ ಹರಿಯುತ್ತದೆ.

ಸ್ಪ್ರಿಂಗ್ ತೆಗೆಯುವಾಗ ಕಣ್ಣಿಗೆ ಕನ್ನಡಕ ಇರಲಿ. ನನ್ನ ಒಂದು ಸ್ಪ್ರಿಂಗು ಪ್ಲೇಯರಿನಿಂದ ಜಾರಿ ಬಾಳೆಗಿಡದ ಬುಡಕ್ಕೆ ಹಾರಿದ್ದು ಇಂದಿಗೂ ಸಿಕ್ಕಿಲ್ಲ.

ಕೇಬಲ್ಲಿನ ಪರೀಕ್ಷೆ

ಶೂ ಕಡೆ ಎಲ್ಲ ಸರಿಮಾಡಿದ ಮೇಲೆ ಕೇಬಲ್ಲಿನ ತುದಿಯನ್ನು ಚಿಕ್ಕ ಲಿವರಿನಿಂದ ಬಿಡಿಸಿ, ಮುಂದಿನ ತುದಿಯನ್ನು ಒಬ್ಬರು ಹಿಡಿದು, ಹಿಂದಿನ ತುದಿಯನ್ನು ಇನ್ನೊಬ್ಬರು ಎಳೆಯಲಿ. ಒಳಗಿನ ತಂತಿ ಕವಚದಲ್ಲಿ ಸರಾಗವಾಗಿ ಜಾರಬೇಕು. ಕರಕರ ಎಂದರೆ, ಎಳೆದದ್ದು ತಿರುಗಿ ಹೋಗದಿದ್ದರೆ, ಒಂದೇ ಒಂದು ಎಳೆ ಹರಿದು ಹೊರಗೆ ಚಾಚಿದ್ದರೆ ಹೊಸ ಕೇಬಲ್ ಹಾಕಿ. ಕವಚದ ಹಿಂತುದಿಯ ರಬ್ಬರ್ ಹರಿದು ಅಲ್ಲಿಂದ ನೀರು ಕೆಸರು ಇಳಿದು ತುಕ್ಕಾಗುವುದೇ ಹೆಚ್ಚು. ಎಣ್ಣೆ ಬಿಟ್ಟು ಆಡಿಸಿದರೆ ಒಂದು ಮಳೆಗಾಲ ಕಳೆಯಬಹುದು, ಎರಡನೆಯದಕ್ಕೆ ನಂಬಬೇಡಿ.

ಹೊಸ ಕೇಬಲ್ ತರುವಾಗ ಹಳೆಯದನ್ನು ಅಂಗಡಿಗೆ ಒಯ್ದು ಪಕ್ಕದಲ್ಲಿಟ್ಟು ನೋಡಿ. ಎಷ್ಟೋ ಗಾಡಿಗಳಲ್ಲಿ ಎಡ ಬಲದ ಉದ್ದ ಬೇರೆ. ಹಳೆಯದು ಸಾಗಿದ ದಾರಿಯಲ್ಲೇ, ಅದೇ ಕ್ಲಿಪ್ಪುಗಳಲ್ಲಿ ಕೂರಿಸಿ. ಸೈಲೆನ್ಸರ್ ಪೈಪಿಗೆ ತಾಗಿದರೆ ಕವಚ ಕರಗುತ್ತದೆ.

ಈಗ ಅಡ್ಜಸ್ಟ್‌ಮೆಂಟು

1. ಕೇಬಲ್ ನಟ್ ಸಡಿಲವಿರುವಾಗಲೇ ಡ್ರಮ್ ಕೂರಿಸಿ. ಹಲ್ಲುಚಕ್ರದ ಅಡ್ಜಸ್ಟರ್ ಆದರೆ ಶೂ ಡ್ರಮ್ಮಿಗೆ ಸವರುವಷ್ಟು ತಿರುಗಿಸಿ, ಚಕ್ರ ಸಲೀಸಾಗಿ ತಿರುಗುವ ತನಕ ಸ್ವಲ್ಪ ಹಿಂದಕ್ಕೆ ಬಿಡಿ.

2. ಎಂಜಿನ್ ಬಂದ್ ಇಟ್ಟುಕೊಂಡೇ ಬ್ರೇಕ್ ಪೆಡಲನ್ನು ಇಪ್ಪತ್ತು ಮೂವತ್ತು ಸಲ ಗಟ್ಟಿಯಾಗಿ ಒತ್ತಿ ಬಿಡಿ. ಎರಡೂ ಡ್ರಮ್ಮು ಮೇಲಿರುವುದು ಕಡ್ಡಾಯ, ಇಲ್ಲವಾದರೆ ತೆರೆದ ಕಡೆಯ ಸಿಲಿಂಡರಿನ ಪಿಸ್ಟನ್ ಹೊರಗೆ ಬಂದು ಆಯಿಲ್ ಚೆಲ್ಲುತ್ತದೆ. ತಾನೇ ಹೊಂದಿಕೊಳ್ಳುವ ಅಡ್ಜಸ್ಟರಾದರೆ ಪೆಡಲ್ ಮೇಲೇರುತ್ತಾ ಬರುವುದು ಕಾಲಿಗೇ ತಿಳಿಯುತ್ತದೆ.

3. ನಟ್ಟನ್ನು ಕೇಬಲ್ಲಿನ ಸಡಿಲ ಹೋಗುವಷ್ಟು ಮಾತ್ರ ಬಿಗಿದು, ಲಿವರನ್ನು ಐದಾರು ಸಲ ಜೋರಾಗಿ ಎಳೆದು ಬಿಡಿ. ಹೊಸ ಕೇಬಲ್ ಆಗ ತನ್ನ ಜಾಗಕ್ಕೆ ಕೂರುತ್ತದೆ.

4. ಈಗ ನಟ್ ಅರ್ಧರ್ಧ ಸುತ್ತು ಬಿಗಿಯುತ್ತಾ, ಪ್ರತಿ ಸಲ ಲಿವರ್ ಎಳೆದು ಎರಡೂ ಚಕ್ರ ತಿರುಗಿಸಿ ನೋಡಿ. ಓಮ್ನಿಯಾದರೆ ಈ ಪರೀಕ್ಷೆಗೆ ಗಾಡಿ ನ್ಯೂಟ್ರಲ್ಲಿನಲ್ಲಿರಬೇಕು. ಐದಾರನೇ ಹಲ್ಲಿಗೆ ಎರಡೂ ಚಕ್ರ ಕೈಗೆ ಜಗ್ಗದಂತೆ ನಿಲ್ಲಬೇಕು, ಲಿವರ್ ಪೂರ್ತಿ ಇಳಿಸಿದಾಗ ಎರಡೂ ಸಲೀಸಾಗಿ ತಿರುಗಬೇಕು.

ಲಿವರ್ ಇಳಿಸಿದಾಗ ಚಕ್ರ ಸಲೀಸಾಗಿ ತಿರುಗುತ್ತದೆಯೇ ಎಂಬುದನ್ನು ಬಹಳ ಜನ ನೋಡುವುದೇ ಇಲ್ಲ. ನಿಲ್ಲುತ್ತದೆ ಎಂಬ ಖುಷಿಯಲ್ಲಿ ಚಕ್ರ ಹಾಕಿಬಿಡುತ್ತಾರೆ. ಮತ್ತೆ ಗಾಡಿ ಎಳೆಯುವುದಿಲ್ಲ, ಮೈಲೇಜ್ ಇಲ್ಲ ಎಂದು ಕಾರ್ಬುರೇಟರನ್ನು ಬೈಯುತ್ತಾರೆ. ಒಂದು ಚಕ್ರ ಹಿಡಿದು ಇನ್ನೊಂದು ಸಡಿಲವಿದ್ದರೆ ನಟ್ ಬಿಗಿಯುವುದು ಪರಿಹಾರವಲ್ಲ, ಸಡಿಲವಿರುವ ಕಡೆಯ ಡ್ರಮ್ಮನ್ನು ಮತ್ತೊಮ್ಮೆ ಬಿಚ್ಚಿ.

ರಸ್ತೆಯಲ್ಲಿ ಪರೀಕ್ಷೆ

ಚಕ್ರದ ನಟ್ಟುಗಳನ್ನು ಗಾಡಿ ಇಳಿಸಿದ ಮೇಲೆ ಎದುರು ಬದುರು ಕ್ರಮದಲ್ಲಿ ಪೂರ್ತಿ ಬಿಗಿಯಿರಿ. ಮೊದಲು ಅಂಗಳದಲ್ಲೇ ಕಾಲಿನ ಬ್ರೇಕ್ ಹಿಡಿಯುತ್ತದೆಯೇ ನೋಡಿ. ಆಮೇಲೆ ಜನವಿಲ್ಲದ ಇಳಿಜಾರಿಗೆ ಹೋಗಿ, ಮುಖ ಮೇಲೆ ಮಾಡಿ ಒಮ್ಮೆ, ಕೆಳಗೆ ಮಾಡಿ ಒಮ್ಮೆ ನಿಲ್ಲಿಸಿ, ಹ್ಯಾಂಡ್ ಬ್ರೇಕ್ ಹಾಕಿ, ನ್ಯೂಟ್ರಲ್ಲಿಗೆ ತಂದು ಕಾಲನ್ನು ಪೆಡಲಿನಿಂದ ಮೆಲ್ಲಗೆ ಎತ್ತಿ. ಕಾಲು ಪೆಡಲಿನ ಹತ್ತಿರವೇ ಇರಲಿ. ನಾಲ್ಕೈದು ಕಿಲೋಮೀಟರ್ ಆದಷ್ಟು ಬ್ರೇಕ್ ಒತ್ತದೆ ಓಡಿಸಿ ಬಂದು ಹಿಂದಿನ ಚಕ್ರಗಳ ಹತ್ತಿರ ಕೈ ಒಡ್ಡಿ ನೋಡಿ. ಒಂದು ಕಡೆ ಮಾತ್ರ ಕಾವು ಹೊಡೆಯುತ್ತಿದ್ದರೆ ಅಲ್ಲಿ ಶೂ ಉಜ್ಜುತ್ತಿದೆ.

ಹದಿನೈದು ವರ್ಷ ದಾಟಿದ ಗಾಡಿಯ ರಿಜಿಸ್ಟ್ರೇಷನ್ ನವೀಕರಣಕ್ಕೆ ಹೋಗುವವರು ಇದನ್ನು ಮೊದಲೇ ಮಾಡಿಕೊಳ್ಳಿ. ಕಾಲಿನ ಬ್ರೇಕಿನ ಜೊತೆ ಪಾರ್ಕಿಂಗ್ ಬ್ರೇಕೂ ಕೆಲಸ ಮಾಡಬೇಕೆಂಬುದು 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲೇ ಇದೆ.

ರಿಪೇರಿಯಾದ ಮೇಲಿನ ಎರಡು ಅಭ್ಯಾಸ

ಮಳೆಗಾಲದಲ್ಲಿ ಗಾಡಿಯನ್ನು ವಾರಗಟ್ಟಲೆ ನಿಲ್ಲಿಸುವುದಿದ್ದರೆ, ಜಾಗ ಸಮತಟ್ಟಾಗಿದ್ದರೆ, ಹ್ಯಾಂಡ್ ಬ್ರೇಕ್ ಎಳೆಯಬೇಡಿ. ಒದ್ದೆ ಶೂ ತುಕ್ಕಿನಿಂದ ಡ್ರಮ್ಮಿಗೆ ಅಂಟಿಕೊಳ್ಳುತ್ತದೆ. ಗೇರಿನಲ್ಲಿ ಬಿಟ್ಟು, ಟಯರಿಗೆ ಎರಡೂ ಕಡೆ ಮರದ ತುಂಡು ಕೊಡಿ. ಅಂಟಿಕೊಂಡೇ ಬಿಟ್ಟಿದ್ದರೆ ಒಂದನೇ ಗೇರು, ರಿವರ್ಸು ಎಂದು ಹಿಂದೆ ಮುಂದೆ ಮೆಲ್ಲಗೆ ಅಲುಗಿಸಿ, ಸಾಮಾನ್ಯವಾಗಿ ಟಕ್ಕೆಂದು ಬಿಡುತ್ತದೆ. ಆದರೆ ದಿನವೂ ಓಡುವ ಗಾಡಿಗೆ ದಿನವೂ ಹ್ಯಾಂಡ್ ಬ್ರೇಕ್ ಹಾಕಿ. ಬಳಸದ ಕೇಬಲ್ಲೇ ಬೇಗ ಸಿಕ್ಕಿಕೊಳ್ಳುವುದು.

ಏರಿನಲ್ಲಿ ನಿಲ್ಲಿಸುವಾಗ ಮುಖ ಮೇಲಿದ್ದರೆ ಒಂದನೇ ಗೇರು, ಕೆಳಗಿದ್ದರೆ ರಿವರ್ಸು. ಸ್ಟಿಯರಿಂಗನ್ನು ರಸ್ತೆಯಂಚಿಗೆ ತಿರುಗಿಸಿ ಎಂದು ಎಲ್ಲರೂ ಹೇಳುತ್ತಾರೆ. ಆಗುಂಬೆ, ಚಾರ್ಮಾಡಿಯಂಥ ಘಾಟಿಯಲ್ಲಿ ಯಾವ ಅಂಚು ಎಂದು ನೋಡಿಕೊಳ್ಳಿ. ಗಾಡಿ ಉರುಳಿದರೆ ಗುಡ್ಡದ ಬದಿಯ ಧರೆಗೆ ತಾಗಿ ನಿಲ್ಲುವ ಹಾಗಿರಬೇಕು ತಿರುವು, ಕಣಿವೆಯ ಕಡೆಗಲ್ಲ.

ನಮ್ಮ 800 ಈಗ ಐದನೇ ಹಲ್ಲಿಗೆ ನಿಲ್ಲುತ್ತದೆ. ಚಿರೆಕಲ್ಲು ಅಂಗಳದಲ್ಲೇ ಇದೆ. ಬಂದ ನೆಂಟರು ಅದರ ಮೇಲೆ ಕೂತು ಚಪ್ಪಲಿ ಕೆಸರು ತೊಳೆಯುತ್ತಾರೆ.